ಮುಂದಕ್ಕೆ ಎಳೆದ ಸೀಟು

ನನ್ನ ಗ್ಯಾರೇಜಿನಲ್ಲಿ ಒಂದು ಕೆಂಪು ಪ್ಲಾಸ್ಟಿಕ್ ಕುರ್ಚಿ ಇದೆ. ಗಾಡಿ ತಂದವರನ್ನು ಮೊದಲು ಅದರಲ್ಲಿ ಕೂರಿಸಿ, ಚಹಾ ಹೇಳಿ, ಆಮೇಲೆ ಕೀಲಿ ತೆಗೆದುಕೊಳ್ಳುವುದು ನಮ್ಮ ಪದ್ಧತಿ. ದಾವಣಗೆರೆಯ ಹಳೇ ಪಿ.ಬಿ. ರಸ್ತೆಯ ಬದಿಗೆ ನನ್ನಂತೆ ಒಂಟಿಯಾಗಿ ಗ್ಯಾರೇಜು ನಡೆಸುವ ಯಾರನ್ನೇ ಕೇಳಿ, ಹೀಗೇ ಮಾಡುತ್ತಾರೆ. ಗಿರಾಕಿ ಕುರ್ಚಿಯಲ್ಲಿ, ಮೇಸ್ತ್ರಿ ಸ್ಟೀರಿಂಗ್ ಹಿಂದೆ. ಹೆಂಗಸರು ಗಾಡಿ ತಂದರಂತೂ ಮರ್ಯಾದೆ ಒಂದು ಕೈ ಹೆಚ್ಚು, ಅವರನ್ನು ಗ್ರೀಸಿನ ಹತ್ತಿರಕ್ಕೂ ಬಿಡುವುದಿಲ್ಲ. ಈ ಮರ್ಯಾದೆಯ ದೆಸೆಯಿಂದ ಕಳೆದ ಬೇಸಿಗೆಯಲ್ಲಿ ನಾನು ಮೂರು ವಾರ ಒಂದು ಕ್ಲಚ್ ಪೆಡಲಿನ ಜತೆ ಗುದ್ದಾಡಿದೆ. ಗುದ್ದಾಡಿದ್ದಕ್ಕೆ ಬೇಜಾರಿಲ್ಲ, ಅದು ನನ್ನ ಹೊಟ್ಟೆಪಾಡು. ಒಬ್ಬ ಹೆಣ್ಣುಮಗಳ ಕಾಲಿನ ಮೇಲೆ ಅಪವಾದ ಹೊರಿಸಿದೆನಲ್ಲ, ಅದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

ಗಾಡಿ ಇಪ್ಪತ್ತು ವರ್ಷ ದಾಟಿದ ಪುಟ್ಟ ಬಿಳಿ ಕಾರು. ಆ ಮಾಡೆಲ್ ತಯಾರಾಗುವುದು ನಿಂತೇ ಎಷ್ಟೋ ವರ್ಷವಾಗಿದೆ. ಹೊಸ ಗಾಡಿಗಳೆಲ್ಲ ಕಂಪನಿಯ ಷೋರೂಮಿಗೆ ಹೋಗುತ್ತವೆ, ನನ್ನ ಹತ್ತಿರ ಬರುವುದು ಇಂಥವೇ. ನನಗೂ ಐವತ್ನಾಲ್ಕು. ಮೂವತ್ತು ವರ್ಷ ನೆಲದ ಮೇಲೆ ಅಂಗಾತ ಮಲಗಿ ದುಡಿದ ಬೆನ್ನು ಬೆಳಿಗ್ಗೆ ಎದ್ದ ಕೂಡಲೇ ಮಾತಾಡಲು ಶುರುಮಾಡುತ್ತದೆ. ಹಳೆಯ ಗಾಡಿಗಳನ್ನು ನೋಡಿದರೆ ಮೊದಲು ಬರುತ್ತಿದ್ದ ಹುಮ್ಮಸ್ಸು ಈಗ ಬರುವುದಿಲ್ಲ.

ಕಾರು ತಂದವರು ಕೊಂಡಜ್ಜಿಯ ಆಚೆಗಿನ ಹಳ್ಳಿಯೊಂದರ ಪ್ರಾಥಮಿಕ ಶಾಲೆಯ ಮುಖ್ಯೋಪಾಧ್ಯಾಯಿನಿ. ನನಗಿಂತ ಎರಡು ಮೂರು ವರ್ಷ ದೊಡ್ಡವರು, ಗಿಡ್ಡನೆಯ ದೇಹ, ಗಟ್ಟಿ ದನಿ. ಹಿಂದಿನ ವರ್ಷ ಬಚ್ಚಲಲ್ಲಿ ಜಾರಿ ಬಿದ್ದು ಎಡಗಾಲಿನ ಮೂಳೆ ಮುರಿದಿತ್ತು. ಪ್ಲೇಟ್ ಹಾಕಿಸಿಕೊಂಡು, ಎಂಟು ತಿಂಗಳು ಕೋಲು ಹಿಡಿದು, ಈಗ ಎರಡು ತಿಂಗಳಿಂದ ಮತ್ತೆ ತಾವೇ ಗಾಡಿ ಓಡಿಸಿಕೊಂಡು ಶಾಲೆಗೆ ಹೋಗುತ್ತಿದ್ದರು. ನಡೆಯುವಾಗ ಎಡಪಾದ ಸ್ವಲ್ಪ ಹೊರಕ್ಕೆ ತಿರುಗುತ್ತಿತ್ತು.

"ಕ್ಲಚ್ ಒತ್ತಿದ್ರೆ ಒಮ್ಮೊಮ್ಮೆ ಪೆಡಲ್ ಅಲ್ಲೇ ಕೂತುಬಿಡ್ತೈತೆ ಅಣ್ಣಾರೆ. ಮ್ಯಾಲೆ ಬರೋದೇ ಇಲ್ಲ. ಎಕ್ಸಲೇಟರ್ ಕೊಟ್ರೆ ಬರೀ ಸೌಂಡು, ಗಾಡಿ ನಿಂತಲ್ಲೇ. ಆಮೇಲೆ ಇದ್ದಕ್ಕಿದ್ದಂಗೆ ಫಟ್ ಅಂತ ಮ್ಯಾಲೆ ಬಂದು ಗಾಡಿ ಜಿಗೀತೈತೆ" ಎಂದರು.

"ದಿನಾ ಆಗ್ತೈತೇನ್ರಿ?"

"ಇಲ್ಲ. ಆದಾಗ ಮಾತ್ರ ಜೀವ ಬಾಯಿಗೆ ಬರ್ತೈತೆ."

"ಕೂಡ್ರಿ ಮೇಡಂ, ನೋಡ್ತೀನಿ" ಎಂದು ಕುರ್ಚಿ ತೋರಿಸಿದೆ.

ನಾನು ಆರಡಿಗೆ ಎರಡಿಂಚು ಕಡಿಮೆ ಇರುವ ಆಸಾಮಿ. ಅವರ ಸೀಟಿನಲ್ಲಿ ಕೂತರೆ ಮೊಣಕಾಲು ಸ್ಟೀರಿಂಗಿಗೆ ಬಡಿಯುತ್ತಿತ್ತು. ಸೀಟಿನ ಕೆಳಗಿನ ಕಂಬಿ ಎಳೆದು, ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿ, ಆರಾಮಾಗಿ ಕೂತು ಕ್ಲಚ್ ಒತ್ತಿದೆ. ಹತ್ತು ಸಲ, ಇಪ್ಪತ್ತು ಸಲ. ಪೆಡಲ್ ಹೋಯಿತು, ಬಂತು. ಗಡಿಯಾರದ ಕಂಬದವರೆಗೂ ಓಡಿಸಿದೆ. ಸಂತೆಯ ಜನದ ನಡುವೆ ಗೇರ್ ಹಾಕಿ ತೆಗೆದು ನೋಡಿದೆ. ಏನೂ ಇಲ್ಲ. ಆ ಕಾಲದ ಗಾಡಿಗಳಲ್ಲಿ ಪೆಡಲಿನಿಂದ ಗೇರ್‌ಬಾಕ್ಸಿಗೆ ಒಂದು ಉಕ್ಕಿನ ಕೇಬಲ್ ಹೋಗುತ್ತದೆ, ಸೈಕಲ್ ಬ್ರೇಕಿನ ಹಾಗೆ. ಅದು ಒಣಗಿದರೆ ಕೊಳವೆಯೊಳಗೆ ಹಿಡಿದುಕೊಳ್ಳುತ್ತದೆ. ಎಣ್ಣೆ ಬಿಟ್ಟು, ಬಿಗಿ ಸರಿಮಾಡಿ ಕೊಟ್ಟೆ.

"ಗಾಡಿ ಸರಿ ಐತೆ ಮೇಡಂ."

ಮೊದಲ ಸಲ ಹೀಗೆ ಹೇಳಿದಾಗ ನನ್ನ ಮನಸ್ಸಿನಲ್ಲಿ ಅಳುಕಿರಲಿಲ್ಲ.

ನಾಲ್ಕು ದಿನಕ್ಕೆ ಮತ್ತೆ ಬಂದರು. ರೈಲ್ವೆ ಗೇಟಿನ ಹತ್ತಿರ ಗೇಟು ಎತ್ತಿದ ಮೇಲೆ ಗಾಡಿ ಮುಂದೆ ಹೋಗಲೇ ಇಲ್ಲವಂತೆ. ಹಿಂದೆ ಬಸ್ಸು, ಆಟೊ, ಎಲ್ಲರ ಹಾರನ್ನು. ಬೈಕಿನವನೊಬ್ಬ ಕಿಟಕಿಗೆ ಬಾಗಿ, "ಓಡ್ಸಾಕೆ ಬರ್ದಿದ್ರೆ ಮನ್ಯಾಗೆ ಇರ್ಬೇಕಮ್ಮಾ" ಎಂದು ಹೋದನಂತೆ. ಅದನ್ನು ಹೇಳುವಾಗ ಅವರು ನನ್ನ ಮುಖ ನೋಡಲಿಲ್ಲ, ಕೈಯಲ್ಲಿದ್ದ ಚಹಾದ ಲೋಟ ನೋಡುತ್ತಿದ್ದರು.

ಕೇಬಲ್ಲೇ ಕಳ್ಳ ಎಂದು ತೀರ್ಮಾನಿಸಿದೆ. ಬಿಚ್ಚಿ ನೋಡಿದರೆ ಒಂದು ತುದಿಯಲ್ಲಿ ಎರಡೆಳೆ ಕಿತ್ತಿದ್ದವು. ಸಿಕ್ಕಿತಲ್ಲ ಎಂದು ಖುಷಿಯಾಯಿತು. ಊರಿನ ಅಂಗಡಿಗಳಲ್ಲಿ ಸಿಗದೆ ಎರಡು ದಿನ ಕಾದು ತರಿಸಿ ಹೊಸದು ಹಾಕಿದೆ. ಸೀಟು ಹಿಂದಕ್ಕೆ ತಳ್ಳಿ ಈ ಸಲ ಕೊಂಡಜ್ಜಿ ಕೆರೆಯವರೆಗೆ ಹೋಗಿ ಬಂದೆ. ಬಿಸಿಲಿಗೆ ರಸ್ತೆ ಕಾದು ಹೊಗೆಯಾಡುತ್ತಿತ್ತು, ಬೆನ್ನಿನ ತುಂಬ ಬೆವರು. ಪೆಡಲ್ ಮಾತ್ರ ಬೆಣ್ಣೆ.

"ಈಗ ಚಿಂತಿ ಬ್ಯಾಡ್ರಿ. ಗಾಡಿ ಸರಿ ಐತೆ" ಎಂದೆ. ಅವರು ಗಾಡಿ ಹತ್ತಿ, ಸೀಟನ್ನು ಕರಕರ ಎಂದು ಮುಂದಕ್ಕೆ ಎಳೆದುಕೊಂಡು ಹೋದರು. ಆ ಕರಕರ ಕೇಳಿಸಿತ್ತು. ಕೇಳಿಸಿದ್ದೆಲ್ಲ ತಲೆಗೆ ಹೋಗಬೇಕಲ್ಲ.

ಮೂರನೆಯ ಸಲ ಬಂದಾಗ ಗಾಡಿ ಓಡಿಸಿಕೊಂಡು ಬಂದವರು ಅವರ ಯಜಮಾನರು. ಬ್ಯಾಂಕಿನಲ್ಲಿದ್ದು ನಿವೃತ್ತರಾದವರು, ತೂಕದ ಮನುಷ್ಯ. ಮೇಡಂ ಪಕ್ಕದ ಸೀಟಿನಲ್ಲಿದ್ದರು. ಮೂರು ದಿನದ ಹಿಂದೆ ಶಾಲೆಯ ಮುಂದೆ ಪೆಡಲ್ ಸಿಕ್ಕಿಹಾಕಿಕೊಂಡು, ಆಮೇಲೆ ಒಮ್ಮೆಲೇ ಬಿಟ್ಟುಕೊಂಡು, ಗಾಡಿ ಜಿಗಿದು ಚಹಾದಂಗಡಿಯ ಬೆಂಚನ್ನು ಬೀಳಿಸಿತ್ತು. ಬೆಂಚಿನ ಮೇಲೆ ಆಗ ಯಾರೂ ಇರಲಿಲ್ಲ. ಅರ್ಧ ಗಂಟೆ ಮೊದಲಾಗಿದ್ದರೆ ಮಕ್ಕಳು ಅಲ್ಲೇ ನಿಂತಿರುತ್ತಿದ್ದರು.

ಯಜಮಾನರು ನನ್ನನ್ನು ಪಕ್ಕಕ್ಕೆ ಕರೆದರು. "ನಾನೂ ಎರಡು ದಿನ ಓಡ್ಸಿ ನೋಡ್ದೆ ಮೇಸ್ತ್ರಿ. ನಂಗೇನೂ ಆಗ್ಲಿಲ್ಲ. ಗಾಡಿದಲ್ಲ ಇದು, ಕಾಲಿಂದು. ಆಕಿಗೆ ಹೇಳಿದ್ರೆ ಸಿಟ್ಟು ಬರ್ತೈತೆ. ನೀವು ಒಮ್ಮೆ ಪೂರಾ ಬಿಚ್ಚಿ ನೋಡಿ ಹೇಳ್ರಿ. ನಿಮ್ಮ ಮಾತು ಕೇಳ್ತಾಳೆ."

ಆಯಿತೆಂದೆ. ಪಕ್ಕದ ವೆಲ್ಡಿಂಗ್ ಅಂಗಡಿಯವರ ಕೈ ಹಿಡಿಸಿ ಗೇರ್‌ಬಾಕ್ಸ್ ಇಳಿಸಿದೆ. ಈ ವಯಸ್ಸಿನಲ್ಲಿ ಎದೆಯ ಮೇಲೆ ಗೇರ್‌ಬಾಕ್ಸ್ ಹೊತ್ತುಕೊಳ್ಳುವುದೆಂದರೆ ಏನೆಂದು ಹೊತ್ತವರಿಗೇ ಗೊತ್ತು. ಕ್ಲಚ್ ಪ್ಲೇಟಿಗೆ ಇನ್ನೂ ಅರ್ಧ ಆಯುಷ್ಯ ಇತ್ತು. ಪ್ರೆಷರ್ ಪ್ಲೇಟಿನ ಬೆರಳುಗಳು ಸಮನಾಗಿದ್ದವು. ಬೇರಿಂಗ್ ತಿರುಗಿಸಿ ಕಿವಿಗೆ ಹಿಡಿದೆ, ಸದ್ದಿಲ್ಲ. ಅದನ್ನು ತಳ್ಳುವ ಫೋರ್ಕಿನ ಶಾಫ್ಟ್ ಸ್ವಲ್ಪ ಒಣಗಿತ್ತು, ಉಜ್ಜಿ ಗ್ರೀಸ್ ಹಾಕಿದೆ. ಎರಡು ದಿನದ ಕೆಲಸಕ್ಕೆ ಸಿಕ್ಕಿದ್ದು ಅಷ್ಟೇ. ಮತ್ತೆ ಏರಿಸಿ, ಮತ್ತೆ ಸೀಟು ಹಿಂದಕ್ಕೆ ತಳ್ಳಿ, ಮತ್ತೆ ಓಡಿಸಿದೆ. ತುಂಬ ದಣಿದಿದ್ದೆ. ದಣಿದಾಗ ಮನುಷ್ಯನಿಗೆ ನಿಜಕ್ಕಿಂತ ಮುಗಿಯುವುದು ಮುಖ್ಯವಾಗುತ್ತದೆ. ನನಗೂ ಹಾಗೇ ಆಯಿತು.

ಇಬ್ಬರೂ ಬಂದು ನಿಂತಾಗ ಕೀಲಿ ಮೇಡಂ ಕೈಗೆ ಕೊಟ್ಟು ಹೇಳಿದೆ: "ಎಲ್ಲಾ ಬಿಚ್ಚಿ ನೋಡ್ದೆ ಸಾರ್. ಗಾಡಿಯಾಗೆ ಏನೂ ಇಲ್ಲ."

ನಾನು ಹೇಳಿದ್ದು ಯಜಮಾನರಿಗೆ. ಆದರೆ ಮಾತು ಹೋಗಿ ತಾಗಿದ್ದು ಮೇಡಂಗೆ. ಅವರು ಎಡಗಾಲನ್ನು ಒಮ್ಮೆ ನೋಡಿಕೊಂಡರು. ಸೀರೆಯ ಅಂಚು ಸ್ವಲ್ಪ ಸರಿಸಿ, ಯಾರದೋ ಕಾಲನ್ನು ನೋಡುವವರ ಹಾಗೆ ನೋಡಿದರು.

"ಹಂಗಾದ್ರೆ ಮಾರಿಬಿಡಾಣ. ನಾಳೆ ಮಕ್ಕಳ ಮ್ಯಾಲೆ ಹೋದ್ರೆ ಏನ್ ಮಾಡ್ಲಿ?" ಎಂದರು.

ಮಲೆಬೆನ್ನೂರಿನ ಕಡೆಯ ಒಬ್ಬರು ಹಳೆಯ ಕಾರು ಹುಡುಕುತ್ತಿದ್ದರು. ಭಾನುವಾರ ಬಂದು ನೋಡುವುದೆಂದು ಮಾತಾಯಿತು. ಅಲ್ಲಿಯವರೆಗೆ ಗಾಡಿ ನನ್ನ ಗ್ಯಾರೇಜಿನಲ್ಲೇ ಇರಲಿ ಎಂದರು. ಹೋಗುವಾಗ ಯಜಮಾನರು ಮೇಡಂ ಕೈಯಿಂದ ಕೀಲಿ ತೆಗೆದುಕೊಂಡು ನನಗೆ ಕೊಟ್ಟರು. ಇಬ್ಬರೂ ಆಟೊ ಹತ್ತಿದರು.

ಶನಿವಾರ ಅಮಾವಾಸ್ಯೆ. ಅಮಾವಾಸ್ಯೆಯ ದಿನ ನಮ್ಮಲ್ಲಿ ಹತಾರ ಮುಟ್ಟುವುದಿಲ್ಲ. ಬೆಳಿಗ್ಗೆ ಹೋಗಿ ಗ್ಯಾರೇಜು ಗುಡಿಸಿ, ಸ್ಪ್ಯಾನರುಗಳನ್ನೆಲ್ಲ ಒರೆಸಿ ಹಲಗೆಯ ಮೇಲೆ ಜೋಡಿಸಿ, ಊದುಬತ್ತಿ ಹಚ್ಚಿ, ಕಾಯಿ ಒಡೆದು, ಮಧ್ಯಾಹ್ನದ ಹೊತ್ತಿಗೆ ಬಾಗಿಲು ಹಾಕುವುದು. ತಿಂಗಳಿಗೊಂದು ದಿನ ನನ್ನ ಉಗುರು ಬೆಳ್ಳಗಿರುವ ದಿನ ಅದು. ನಾನೇ ಆ ಕೆಂಪು ಕುರ್ಚಿಯ ಮೇಲೆ ಕೂತು ಮಂಡಕ್ಕಿ ತಿನ್ನುತ್ತಿದ್ದೆ. ಮೇಡಂ ಒಬ್ಬರೇ ಬಂದರು.

"ಗಾಡಿಯಾಗೆ ನನ್ನ ಸಾಮಾನು ಅದಾವೆ. ತಗೊಂಡು ಹೋಗ್ತೀನಿ" ಎಂದರು.

ಎದ್ದು ಕುರ್ಚಿ ಕೊಡಲು ಹೋದೆ. "ಬ್ಯಾಡ್ರಿ, ನಾನೇ ತಗೋತೀನಿ" ಎಂದು ಗಾಡಿಯ ಹತ್ತಿರ ಹೋದರು. ಡ್ರೈವರ್ ಬಾಗಿಲು ತೆಗೆದು, ಚಪ್ಪಲಿ ಹೊರಗೆ ಬಿಟ್ಟು, ಬರಿಗಾಲಲ್ಲಿ ಒಳಗೆ ಕೂತರು. ಡ್ಯಾಷ್‌ಬೋರ್ಡಿನ ಮೇಲೆ ದೇವರ ಚಿಕ್ಕ ಪಟ ಇತ್ತು, ಅದಕ್ಕೆ. ಕೂತವರೇ ಕಂಬಿ ಎಳೆದು ಸೀಟನ್ನು ಕರಕರ ಮುಂದಕ್ಕೆ ತಂದುಕೊಂಡರು. ಸಾಮಾನು ತೆಗೆಯಲು ಬಂದವರಿಗೆ ಸೀಟು ಮುಂದಕ್ಕೆ ಯಾಕೆ ಬೇಕು? ಅಭ್ಯಾಸ. ಪಟವನ್ನು ಕಿತ್ತುಕೊಳ್ಳುವ ಮೊದಲು ಸ್ವಲ್ಪ ಹೊತ್ತು ಸುಮ್ಮನೆ ಸ್ಟೀರಿಂಗ್ ಹಿಡಿದು ಕೂತರು. ಕೊನೆಯ ಸಲ ಎಂದುಕೊಂಡಿದ್ದಿರಬೇಕು. ಎಡಗಾಲು ತಾನಾಗಿ ಕ್ಲಚ್ ಒತ್ತಿತು.

ನಾನು ಬಾಗಿಲ ಹತ್ತಿರವೇ ನಿಂತಿದ್ದೆ. ಕಾಲು ಮೇಲೆ ಬಂತು, ಪೆಡಲ್ ಬರಲಿಲ್ಲ.

ಅವರು ಪಾದದ ಬೆರಳುಗಳನ್ನು ಪೆಡಲಿನ ಹಿಂದಕ್ಕೆ ತೂರಿಸಿ ಮೇಲಕ್ಕೆ ಎತ್ತಿದರು. ಟಕ್ ಎಂದು ಬಂತು. ಎಷ್ಟು ಸರಾಗವಾಗಿ ಎತ್ತಿದರೆಂದರೆ, ದಿನಾ ಮಾಡುವ ಕೆಲಸ ಎಂದು ನೋಡಿದವರಿಗೆ ತಿಳಿಯುತ್ತಿತ್ತು.

"ಮೇಡಂ, ಇದನ್ನ ಯಾಕ ಹೇಳ್ಲಿಲ್ಲ ನೀವು?"

"ಏನಂತ ಹೇಳ್ಲಿ ಅಣ್ಣಾರೆ? ಮೂರು ಸಲ ಹೇಳ್ದೆ. ಮೂರು ಸಲನೂ ಸರಿ ಐತೆ ಅಂದ್ರಿ."

 ಮೂವತ್ತು ವರ್ಷದ ಕಸುಬಿನಲ್ಲಿ ಇಷ್ಟು ಸಣ್ಣವನಾದದ್ದು ನೆನಪಿಲ್ಲ. ಅವರನ್ನು ಒಮ್ಮೆಯೂ ನಾನು ಆ ಸೀಟಿನಲ್ಲಿ ಕೂರಿಸಿ ತೋರಿಸಿರಿ ಎಂದು ಕೇಳಿರಲಿಲ್ಲ. ಪ್ರತಿ ಸಲ ಮೊದಲು ಮಾಡಿದ್ದೇ ಸೀಟು ಹಿಂದಕ್ಕೆ ತಳ್ಳುವ ಕೆಲಸ. ರೋಗಿಯನ್ನು ಹೊರಗೆ ಕೂರಿಸಿ ತನ್ನ ನಾಡಿ ತಾನೇ ನೋಡಿಕೊಂಡ ಡಾಕ್ಟರನ ಹಾಗೆ.

ಹತಾರ ಮುಟ್ಟುವಂತಿರಲಿಲ್ಲ. ನೋಡಲು ಅಡ್ಡಿ ಇಲ್ಲವಲ್ಲ. ಬಾಗಿಲ ಪಕ್ಕ ನೆಲದ ಮೇಲೆ ಕೂತು, ತಲೆಯನ್ನು ಡ್ಯಾಷ್‌ಬೋರ್ಡಿನ ಕೆಳಗೆ ತೂರಿಸಿದೆ. ಒಂದು ಕೈಯಲ್ಲಿ ಬ್ಯಾಟರಿ ಟಾರ್ಚು. ಪೂಜೆಯ ಬಿಳಿ ಅಂಗಿ ಗಲೀಜಾಗುತ್ತಿದೆ ಎಂದು ಅವರು ಹೇಳುತ್ತಲೇ ಇದ್ದರು.

"ಒತ್ರಿ ಮೇಡಂ. ಬಿಡ್ರಿ. ಒತ್ರಿ. ದಿನಾ ಹೆಂಗೆ ಒತ್ತೀರೋ ಹಂಗೇ."

"ನನ್ನ ಪಾದ ನಿಮ್ಮ ಮಾರಿಗೆ ಬಡಿದೀತು, ಸರೀರಿ ಅತ್ಲಾಗೆ."

"ಬಡೀಲಿ ಬಿಡ್ರಿ, ಬಡೀಬೇಕು ನಂಗೆ."

ಅವರು ನಕ್ಕರು. ಮೂರು ವಾರದಲ್ಲಿ ಮೊದಲ ಸಲ ನಕ್ಕಿದ್ದು.

ಇಪ್ಪತ್ತು ಸಲ ಒತ್ತಿಸಿದೆ. ಏಳು ಸಲ ಸಿಕ್ಕಿತು. ಅವರ ಪಾದ ಹೊರಕ್ಕೆ ತಿರುಗಿರುವುದರಿಂದಲೂ, ಸೀಟು ಅಷ್ಟು ಮುಂದಿರುವುದರಿಂದಲೂ ಪೆಡಲನ್ನು ನೇರ ಒತ್ತಲು ಆಗುತ್ತಿರಲಿಲ್ಲ, ಸ್ವಲ್ಪ ಎಡಕ್ಕೆ ತಳ್ಳಿದಂತೆ ಒತ್ತುತ್ತಿದ್ದರು. ಪೆಡಲ್ ಮೇಲ್ಗಡೆ ಒಂದು ಅಡ್ಡ ಶಾಫ್ಟಿಗೆ ನೇತುಬಿದ್ದಿರುತ್ತದೆ, ಬಾಗಿಲು ಕೀಲಿನ ಮೇಲೆ ತಿರುಗುವ ಹಾಗೆ ಅದರ ಮೇಲೆ ತಿರುಗುತ್ತದೆ. ನಡುವೆ ಬಳೆಯಂಥ ನೈಲಾನಿನ ಬುಷ್. ಬ್ಯಾಟರಿ ಬೆಳಕಿನಲ್ಲಿ ಕಂಡಿತು: ಅವರು ಒತ್ತಿದಾಗ ಪೆಡಲ್ ಕೆಳಕ್ಕೆ ಹೋಗುವುದರ ಜತೆಗೆ ಎಡಕ್ಕೆ ವಾಲುತ್ತಿತ್ತು. ಜಾಸ್ತಿ ವಾಲಿದಾಗ ಅಲ್ಲೇ ಕಚ್ಚಿಕೊಳ್ಳುತ್ತಿತ್ತು. ನಾನು ಉದ್ದ ಕಾಲು ಚಾಚಿ ನೇರವಾಗಿ ಒತ್ತುತ್ತಿದ್ದೆ. ಅದು ವಾಲಲೇ ಇಲ್ಲ, ಕಚ್ಚಲೂ ಇಲ್ಲ. ಯಜಮಾನರದೂ ನನ್ನ ಹಾಗೆ ಉದ್ದ ಕಾಲು.

ಹೊರಗೆ ಬಂದೆ. ಹಲಗೆಯ ಮೇಲೆ ಊದುಬತ್ತಿ ಇನ್ನೂ ಉರಿಯುತ್ತಿತ್ತು, ಸ್ಪ್ಯಾನರುಗಳಿಗೆ ಕುಂಕುಮ ಹಚ್ಚಿತ್ತು. ನಾಳೆ ಬೆಳಿಗ್ಗೆ ಮಲೆಬೆನ್ನೂರಿನವರು ಬರುತ್ತಾರೆ. ಬಂದು ಒಯ್ದರೆ ಗಾಡಿ ಹೋಗುತ್ತದೆ, ನಾನು ಆಡಿದ ಮಾತು ಉಳಿಯುತ್ತದೆ. ಮೇಡಂ ಇನ್ನು ಮುಂದೆ ಬಸ್ಸಿಗೆ ನಿಂತಾಗಲೆಲ್ಲ ಕಾಲು ಸೋತಿದೆ ಎಂದುಕೊಳ್ಳುತ್ತಾರೆ. ನನ್ನ ತಂದೆ ಕಟ್ಟಿದ ಗ್ಯಾರೇಜಿದು, ಅವರ ಕಾಲದಿಂದಲೂ ಅಮಾವಾಸ್ಯೆ ತಪ್ಪಿರಲಿಲ್ಲ. ಹಲಗೆಗೆ ಕೈಮುಗಿದು ಹನ್ನೆರಡರ ಸ್ಪ್ಯಾನರ್ ಎತ್ತಿಕೊಂಡೆ.

"ಇವತ್ತು ಬ್ಯಾಡ್ರಿ" ಎಂದರು ಮೇಡಂ.

"ನಾಳೆ ಮಾಡಿದ್ರೆ ಉಪಯೋಗ ಇಲ್ರಿ" ಎಂದೆ.

ಪೆಡಲ್ ಬಿಚ್ಚುವುದು ಕೇಳಲು ಸುಲಭ. ಡ್ಯಾಷ್‌ಬೋರ್ಡಿನ ಕೆಳಗೆ ತಲೆಕೆಳಗಾಗಿ ಮಲಗಿ, ಕಾಣದ ಜಾಗದಲ್ಲಿ ಕೈ ಹಾಕಿ, ಸ್ಪ್ರಿಂಗ್ ಮುಖಕ್ಕೆ ಹಾರದಂತೆ ಹಿಡಿದು ಬಿಚ್ಚಬೇಕು. ಶಾಫ್ಟ್ ತುಕ್ಕು ಹಿಡಿದು ಹೊರಗೆ ಬರಲೊಲ್ಲದು. ಮುಂದಿನ ಗಾಜಿನ ರಬ್ಬರ್ ಒಂದು ಮೂಲೆಯಲ್ಲಿ ಬಿಟ್ಟು, ಮಳೆನೀರು ವರ್ಷಗಟ್ಟಲೆ ಸರಿಯಾಗಿ ಆ ಶಾಫ್ಟಿನ ಮೇಲೆ ಇಳಿದಿತ್ತು. ಒಂದೂವರೆ ಗಂಟೆಗೆ ಕೈಗೆ ಬಂತು. ಬುಷ್ ಎಡಗಡೆ ಪೂರ್ತಿ ಸವೆದು ಕೋಳಿಮೊಟ್ಟೆಯ ಆಕಾರಕ್ಕೆ ಬಂದಿತ್ತು. ಶಾಫ್ಟಿನ ಮೇಲೆ ಉಗುರು ಎಳೆದರೆ ಸಿಕ್ಕುವಷ್ಟು ಮೆಟ್ಟಿಲು ಬಿದ್ದಿತ್ತು. ಆ ಮೆಟ್ಟಿಲಿಗೇ ಪೆಡಲ್ ಕಚ್ಚುತ್ತಿದ್ದುದು.

ಮೇಡಂ ಅದನ್ನು ಕೈಗೆ ತೆಗೆದುಕೊಂಡು, ಕನ್ನಡಕ ಏರಿಸಿ, ಮಕ್ಕಳ ಕಾಪಿ ನೋಡುವವರ ಹಾಗೆ ತಿರುಗಿಸಿ ತಿರುಗಿಸಿ ನೋಡಿದರು. ಅವರ ಕಣ್ಣು ತುಂಬಿತು. "ನನ್ನ ಕಾಲಿಗೆ ನಾನೇ ಬೈತಿದ್ದೆ ಅಣ್ಣಾರೆ, ದಿನಾ ರಾತ್ರಿ ಎಣ್ಣೆ ಹಚ್ಕೊಂಡು ಬೈತಿದ್ದೆ" ಎಂದರು. ಆಮೇಲೆ ದೇವರ ಪಟವನ್ನೂ ಉಳಿದ ಸಾಮಾನನ್ನೂ ಚೀಲಕ್ಕೆ ಹಾಕಿಕೊಂಡರು. ಆಟೊ ಕರೆದು ಅವರನ್ನು ಕಳಿಸಿಕೊಟ್ಟೆ.

ಆ ಬುಷ್ ದಾವಣಗೆರೆಯ ಯಾವ ಅಂಗಡಿಯಲ್ಲೂ ಇರಲಿಲ್ಲ. ಪೆಡಲನ್ನೂ ಶಾಫ್ಟನ್ನೂ ಗೋಣಿಚೀಲದಲ್ಲಿ ಸುತ್ತಿಕೊಂಡು ಹರಿಹರದ ಬಸ್ಸು ಹತ್ತಿದೆ. ಹರಿಹರದ ಸ್ಟೇಷನ್ ಕಡೆಯ ಗಲ್ಲಿಯಲ್ಲಿ ಒಬ್ಬ ಟರ್ನರ್ ಚಾಚಾ ಇದ್ದಾರೆ. ಕಾರ್ಖಾನೆಯೊಂದರಲ್ಲಿ ಲೇತ್ ಮೇಲೆ ದುಡಿದು, ನಿವೃತ್ತಿಯಾದ ಮೇಲೆ ಮನೆಯ ಮುಂದೆಯೇ ಹಳೆಯ ಲೇತ್ ಇಟ್ಟುಕೊಂಡಿದ್ದಾರೆ. ಅವರಿಗೆ ಅಮಾವಾಸ್ಯೆಯ ರಜೆ ಇಲ್ಲ.

ಚಾಚಾ ಚೀಲ ಬಿಚ್ಚಿ, ಬುಷ್ಷನ್ನು ಬೆಳಕಿಗೆ ಹಿಡಿದು, ನಾನು ಬಾಯಿ ತೆರೆಯುವ ಮೊದಲೇ ಹೇಳಿದರು: "ಒಂದೇ ಬಾಜೂ ತಿಂದೈತಲ್ಲ ಭಾಯ್. ಓರೆ ಒತ್ತೋರು ಯಾರೋ ಅದಾರೆ."

"ಹೌದು ಚಾಚಾ. ಹೆಣ್ಣುಮಗಳು. ಕಾಲು ಮುರಿದಿತ್ತು."

"ಮತ್ತೆ ಅವರನ್ನ ಬಿಟ್ಟು ಬರೀ ಪೆಡಲ್ ತಂದೀಯಲ್ಲಪ್ಪಾ" ಎಂದು ಬಯ್ದು, ಅವರ ಪಾದ ಎಷ್ಟು ತಿರುಗಿದೆ, ಎಲ್ಲಿ ಒತ್ತುತ್ತಾರೆ ಎಂದೆಲ್ಲ ಕೇಳಿದರು. ನಾನು ಅವರ ಅಂಗಡಿಯ ಸ್ಟೂಲಿನ ಮೇಲೆ ಕೂತು, ಎಡಪಾದ ಹೊರಕ್ಕೆ ತಿರುಗಿಸಿ ಮಾಡಿ ತೋರಿಸಬೇಕಾಯಿತು. ಚಾಚಾ ಲೇತಿನ ಮೇಲೆ ಹೊಸ ಶಾಫ್ಟ್ ಕಡೆದರು. ಬುಷ್ಷನ್ನು ಗನ್‌ಮೆಟಲ್ ಎಂಬ ಕಂಚಿನಲ್ಲಿ ಮಾಡಿದರು, ಹಳೆಯದಕ್ಕಿಂತ ಬೆರಳಗಲ ಉದ್ದ. ಉದ್ದವಿದ್ದರೆ ಪಕ್ಕದಿಂದ ಒತ್ತಿದರೂ ವಾಲುವುದಿಲ್ಲ. ಒಳಗೆ ಗ್ರೀಸ್ ನಿಲ್ಲಲು ಸಣ್ಣ ಗೀರು ಹಾಕಿದರು. "ಸೀದಾ ಒತ್ತೋರ್ಗೆ ಎಲ್ಲಾ ಬುಷ್ಷೂ ನಡೀತಾವೆ" ಎಂದರು ಕೊಡುವಾಗ.

ಸಂಜೆ ತಂದು ಕೂರಿಸಿದರೆ ಪೆಡಲ್ ಕಲ್ಲು. ಹಳೆಯದು ಇಪ್ಪತ್ತಕ್ಕೆ ಏಳು ಸಲ ಸಿಕ್ಕುತ್ತಿತ್ತು, ಇದು ಪ್ರತಿ ಸಲ ಸಿಕ್ಕಿತು. ಪೆಡಲಿನೊಳಕ್ಕೆ ಬಡಿದು ಕೂರಿಸಿದಾಗ ಬುಷ್ಷಿನ ತೂತು ಒಂದು ಕೂದಲಿನಷ್ಟು ಕುಗ್ಗಿತ್ತು. ಗಾಡಿಯ ಪಕ್ಕದಲ್ಲೇ ನೆಲಕ್ಕೆ ಕುಕ್ಕರಿಸಿದೆ. ಕೈ ಎತ್ತಲು ಆಗುತ್ತಿರಲಿಲ್ಲ. ಹೇಗೂ ಮಾರುವ ಗಾಡಿ, ಹಳೆಯ ಬುಷ್ಷಿಗೇ ಗ್ರೀಸ್ ತುಂಬಿ ಇಟ್ಟರೆ ನಾಳೆ ಒಂದು ದಿನ ನಡೆಯುತ್ತದೆ, ಒಯ್ಯುವವರ ಕಾಲು ನೇರವಾಗೇ ಇರುತ್ತದೆ ಎಂಬ ಯೋಚನೆ ಬಂದದ್ದು ಸುಳ್ಳಲ್ಲ. ಸ್ವಲ್ಪ ಹೊತ್ತು ಅದನ್ನೇ ಯೋಚಿಸುತ್ತ ಕೂತೆ. ಆಮೇಲೆ ಬಾಗಿಲು ಹಾಕಿ ಮನೆಗೆ ಹೋಗಿ ಮಲಗಿದೆ.

ಬೆಳಿಗ್ಗೆ ಆರಕ್ಕೇ ಬಂದೆ. ಮತ್ತೆ ಬಿಚ್ಚಿ, ಕೋಲಿಗೆ ಉಪ್ಪುಕಾಗದ ಸುತ್ತಿ ಬುಷ್ಷಿನ ಒಳಗೆ ಕೈಯಿಂದಲೇ ತಿರುವಿದೆ. ಹತ್ತು ಸುತ್ತು, ಶಾಫ್ಟ್ ಹಾಕಿ ನೋಡುವುದು. ಇನ್ನು ಹತ್ತು ಸುತ್ತು, ಮತ್ತೆ ನೋಡುವುದು. ಜಾಸ್ತಿ ತಿಂದರೆ ಹಳೆಯ ಕಥೆಯೇ. ಶಾಫ್ಟ್ ತನ್ನ ಭಾರಕ್ಕೆ ತಾನೇ ನಿಧಾನ ಇಳಿದಾಗ ನಿಲ್ಲಿಸಿದೆ. ಗ್ರೀಸ್ ಹಚ್ಚಿ ಜೋಡಿಸಿ, ಗಾಜಿನ ಮೂಲೆಗೆ ಗಮ್ ತುಂಬಿದೆ. ಆಮೇಲೆ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಕೂತೆ. ಸೀಟನ್ನು ಪೂರ್ತಿ ಮುಂದಕ್ಕೆ ಎಳೆದೆ. ಮೊಣಕಾಲು ಸ್ಟೀರಿಂಗಿಗೆ ಒತ್ತಿ ನೋಯುತ್ತಿತ್ತು. ಎಡಪಾದ ಹೊರಕ್ಕೆ ತಿರುಗಿಸಿ ನೂರು ಸಲ ಒತ್ತಿದೆ, ಬಾಯಲ್ಲಿ ಎಣಿಸಿದೆ. ನೂರು ಸಲವೂ ಪೆಡಲ್ ನನ್ನ ಪಾದದ ಜತೆಗೇ ಮೇಲೆ ಬಂತು.

ಹತ್ತು ಗಂಟೆಗೆ ಎಲ್ಲರೂ ಬಂದರು. ಮಲೆಬೆನ್ನೂರಿನವರು ಮೊದಲು ಗಾಡಿ ಹತ್ತಿ, ಒಂದು ಸುತ್ತು ಹೊಡೆದು ಬಂದು, "ಕ್ಲಚ್ ಮಸ್ತ್ ಐತ್ರಿ, ಇವತ್ತೇ ಒಯ್ತೀನಿ" ಎಂದುಬಿಟ್ಟರು. ನಾನು ಬೆವರು ಸುರಿಸಿದ್ದು ಗಾಡಿ ಬೇಗ ಹೋಗಲಿ ಎಂದಂತಾಯಿತು. ಮೇಡಂ ನನ್ನ ಕಡೆ ನೋಡಿದರು. ಯಜಮಾನರಿಗೆ ಅವರು ನಿನ್ನೆಯೇ ಹೇಳಿದ್ದರು. ಯಜಮಾನರು ಪೂರ್ತಿ ನಂಬಿರಲಿಲ್ಲ.

"ನಿಜ ಹೇಳ್ರಿ ಮೇಸ್ತ್ರಿ" ಎಂದರು ಯಜಮಾನರು. "ಆಕಿಗೆ ಬೇಜಾರಾಗ್ತೈತೆ ಅಂತ ಏನೋ ಒಂದು ಹೇಳ್ಬ್ಯಾಡ್ರಿ. ಬಚ್ಚಲದಾಗೆ ಬಿದ್ದಾಗ ಆಕಿನ್ನ ಎತ್ತಿದವ ನಾನು. ಇನ್ನೊಂದ್ಸಲ ಎತ್ತಾಕೆ ನನ್ನ ಕೈಲಾಗಲ್ಲ. ಕಾಲೋ, ಪೆಡಲ್ಲೋ?"

 ಇಷ್ಟು ದಿನ ಈ ಮನುಷ್ಯನನ್ನು ಹಟಮಾರಿ ಎಂದುಕೊಂಡಿದ್ದೆ, ಹೆದರಿದ್ದರು ಅಷ್ಟೇ. ಹಳೆಯ ಬುಷ್ಷನ್ನು ಜೇಬಿನಿಂದ ತೆಗೆದು ಅವರ ಅಂಗೈಯಲ್ಲಿಟ್ಟೆ.

"ಇದು ಸವೆದಿತ್ತು ಸಾರ್. ಮೇಡಂ ಓರೆ ಒತ್ತುತಾರೆ, ಅದಕ್ಕೆ ಅವರಿಗೆ ಮೊದ್ಲು ಸಿಗಾಕ್ಕೊಂತು. ನಾನೂ ನೀವೂ ನೆಟ್ಟಗೆ ಒತ್ತಿದ್ವಿ, ನಮಗೆ ಗೊತ್ತಾಗ್ಲಿಲ್ಲ. ಇನ್ನಾರು ತಿಂಗಳು ಬಿಟ್ಟಿದ್ರೆ ನಮಗೂ ಸಿಗಾಕ್ಕೊಳ್ತಿತ್ತು. ಮೂವತ್ತು ವರ್ಷ ಕೆಲಸ ಮಾಡಿದ ನನ್ನ ಕಾಲಿಗೆ ತಿಳೀದಿದ್ದು ಅವರ ಕಾಲಿಗೆ ತಿಳೀತು. ಗಾಡಿ ಸರಿ ಐತೆ ಅಂತ ಮೂರು ಸಲ ಹೇಳಿದ್ನಲ್ಲ ಸಾರ್, ಮೂರು ಸಲನೂ ತಪ್ಪು ಹೇಳ್ದೆ."

ಅವರು ಬುಷ್ಷನ್ನು ಹೆಬ್ಬೆರಳಿನಿಂದ ಸವರಿದರು. ಮಲೆಬೆನ್ನೂರಿನವರು, "ಮತ್ತೆ ಗಾಡಿ?" ಎಂದರು.

"ಗಾಡಿ ಕೊಡಾದಿಲ್ರಿ" ಎಂದರು ಮೇಡಂ. "ನಿಮ್ಮನ್ನ ಬಸ್ ಸ್ಟ್ಯಾಂಡಿಗೆ ಬಿಟ್ಟು ಹೋಗ್ತೀನಿ, ಬರ್ರಿ."

ಕೀಲಿಗೆ ಯಜಮಾನರು ಅಭ್ಯಾಸದಂತೆ ಕೈ ಚಾಚಿದರು. ನಾನು ಅದನ್ನು ಮೇಡಂಗೆ ಕೊಟ್ಟೆ. ಯಜಮಾನರ ಕೈ ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಆ ಕೈಯಿಂದಲೇ ಪಕ್ಕದ ಬಾಗಿಲು ತೆಗೆದು ಕೂತರು. ಮಲೆಬೆನ್ನೂರಿನವರು ಗೊಣಗುತ್ತ ಹಿಂದೆ ಹತ್ತಿದರು. ಮೇಡಂ ಚಪ್ಪಲಿ ಬಿಟ್ಟು, ಅದನ್ನು ಎತ್ತಿ ಸೀಟಿನ ಹಿಂದಿಟ್ಟು, ಚೀಲದಿಂದ ದೇವರ ಪಟ ತೆಗೆದು ಅದರ ಜಾಗದಲ್ಲಿ ಅಂಟಿಸಿದರು. ಸೀಟಿನ ಕಂಬಿ ಹಿಡಿದವರು ನನ್ನ ಕಡೆ ತಿರುಗಿದರು. ಮಲೆಬೆನ್ನೂರಿನವರು ಹಿಂದಕ್ಕೆ ತಳ್ಳಿದ್ದ ಸೀಟನ್ನು ನಾನು ಆಗಲೇ ಮುಂದಕ್ಕೆ ಎಳೆದಿಟ್ಟಿದ್ದೆ.

ಗಾಡಿ ಗ್ಯಾರೇಜಿನಿಂದ ಇಳಿದು ರಸ್ತೆಯ ಬಾಯಿಗೆ ಹೋಗಿ ನಿಂತಿತು. ಹಿಂದಿನ ಕೆಂಪು ದೀಪ ಹತ್ತಿತು. ಭತ್ತದ ಚೀಲ ಹೇರಿದ ಲಾರಿಯೊಂದು ಹೋಗುತ್ತಿತ್ತು, ಅದರ ಹಿಂದೆ ಇನ್ನೊಂದು. ಎರಡೂ ಹೋದವು, ರಸ್ತೆ ಖಾಲಿಯಾಯಿತು. ಗಾಡಿ ನಿಂತೇ ಇತ್ತು. ನನ್ನ ಎಡಗಾಲು ತಾನಾಗಿ ನೆಲವನ್ನು ಒತ್ತಿ ಹಿಡಿದಿತ್ತು. ಅಷ್ಟರಲ್ಲಿ ಒಂದು ಸೈಕಲ್ ನಿಧಾನ ದಾಟಿ ಹೋಯಿತು. ಅವರು ಅದಕ್ಕೆ ಕಾದಿದ್ದರು. ದೀಪ ಆರಿತು, ಗಾಡಿ ಒಂದಿಷ್ಟೂ ಜಿಗಿಯದೆ ಮುಂದೆ ಹೋಯಿತು. ನಾನು ಕಾಲು ಸಡಿಲ ಬಿಟ್ಟು, ಹೋಗಿ ಆ ಕೆಂಪು ಕುರ್ಚಿಯಲ್ಲಿ ಕೂತೆ.